ಬದಲಾದದ್ದು ಎಡಗೈ: ಜೇಮ್ಸ್ ಪಿ. ಜಾನ್ಸನ್ ಮತ್ತು ರಾಗ್‌ಟೈಮ್ ಜಾಜ್ ಆದ ಬಗೆ

1921ರ ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ಒಕೆ ರೆಕಾರ್ಡ್ ಕಂಪನಿಗಾಗಿ ಅಮೆರಿಕದ ಪಿಯಾನೊ ವಾದಕ ಜೇಮ್ಸ್ ಪಿ. ಜಾನ್ಸನ್ ತಮ್ಮ ‘ಕೆರೊಲೈನಾ ಶೌಟ್’ ನುಡಿಸಿದರು. ಆಗ ಅವರಿಗೆ 27 ವರ್ಷ. ಮೂರು ನಿಮಿಷವೂ ತುಂಬದ ಈ ಪಿಯಾನೊ ವಾದನದ ಕಟ್ಟಡ ರಾಗ್‌ಟೈಮಿನದು. 16 ಆವರ್ತಗಳ ಭಾಗಗಳು ಒಂದರ ಹಿಂದೊಂದು ಬರುತ್ತವೆ, ಪ್ರತಿ ಭಾಗಕ್ಕೂ ತನ್ನದೇ ಧಾಟಿ ಇದೆ. ಆದರೆ ನಡಿಗೆ ರಾಗ್‌ಟೈಮಿನದಲ್ಲ. ರಾಗ್‌ಟೈಮ್ ಎಲ್ಲಿಗೆ ಮುಗಿಯಿತು, ಜಾಜ್ ಎಲ್ಲಿಂದ ಶುರುವಾಯಿತು ಎಂದು ಕೇಳುವವರಿಗೆ ಈ ಒಂದು ರೆಕಾರ್ಡ್ ಕೇಳಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಜಾನ್ಸನ್ ಅವರ ಎಡಗೈಯಲ್ಲಿದೆ. ಈ ಲೇಖನ ಮುಖ್ಯವಾಗಿ ಆ ಎಡಗೈಯ ಬಗ್ಗೆ.

ಮೊದಲು ರಾಗ್‌ಟೈಮ್ ಏನೆಂದು ತಿಳಿಯಬೇಕು. ಅದು ಬರೆದು, ಅಚ್ಚು ಹಾಕಿಸಿ, ಹಾಳೆಯ ರೂಪದಲ್ಲಿ ಅಂಗಡಿಗಳಲ್ಲಿ ಮಾರುತ್ತಿದ್ದ ಸಂಗೀತ. 1899ರಲ್ಲಿ ಸ್ಕಾಟ್ ಜೋಪ್ಲಿನ್ ಅವರ ‘ಮೇಪಲ್ ಲೀಫ್ ರಾಗ್’ ಪ್ರಕಟವಾದ ಮೇಲೆ ಅದರ ಮಾದರಿ ಬಹುಮಟ್ಟಿಗೆ ನೆಲೆಗೊಂಡಿತು. ತಲಾ 16 ಆವರ್ತಗಳ ನಾಲ್ಕು ಭಾಗಗಳಿದ್ದು, ಒಂದೊಂದನ್ನೂ ಎರಡು ಸಲ ನುಡಿಸಿ, ನಡುವೆ ಒಮ್ಮೆ ಮೊದಲ ಭಾಗಕ್ಕೆ ಮರಳುವುದು. ಎಡಗೈ ಗಡಿಯಾರದಂತೆ ನಡೆಯುತ್ತದೆ: ಒತ್ತಿನ ಬೀಟ್‌ಗೆ ಒಂದು ಮಂದ್ರ ಸ್ವರ, ಮರುಬೀಟ್‌ಗೆ ಮಧ್ಯಭಾಗದಲ್ಲಿ ಒಂದು ಕಾರ್ಡ್, ಅಂದರೆ ಒಟ್ಟಿಗೆ ಒತ್ತಿದ ಮೂರು ನಾಲ್ಕು ಸ್ವರ. ಬಲಗೈಯ ಧಾಟಿ ಆ ಬೀಟ್‌ಗಳಿಗೆ ಸರಿಯಾಗಿ ಬೀಳದೆ, ತುಸು ಮೊದಲೋ ಆಮೇಲೋ ಒತ್ತು ಕೊಡುತ್ತ ಸಾಗುತ್ತದೆ. ಎಡಗೈ ಕದಲದೆ ನಿಂತಿದ್ದರಿಂದಲೇ ಬಲಗೈಯ ಈ ಆಟ ಕಿವಿಗೆ ಗೊತ್ತಾಗುವುದು. ರಾಗ್‌ಟೈಮ್ ಅನ್ನು ವೇಗವಾಗಿ ನುಡಿಸಬಾರದೆಂದು ಜೋಪ್ಲಿನ್ ತಮ್ಮ ಅಚ್ಚಿನ ಹಾಳೆಗಳ ಮೇಲೇ ಎಚ್ಚರಿಕೆ ಕೊಡುತ್ತಿದ್ದರು.

ಜಾನ್ಸನ್ ಮತ್ತು ಅವರ ಓರಗೆಯವರು ಕಟ್ಟಿದ ಶೈಲಿಗೆ ಸ್ಟ್ರೈಡ್ ಎಂದು ಹೆಸರು. ಇಲ್ಲೂ ಮಂದ್ರ ಸ್ವರ, ಕಾರ್ಡ್, ಮಂದ್ರ ಸ್ವರ, ಕಾರ್ಡ್ ಎಂಬುದೇ ಬುನಾದಿ. ನಾಲ್ಕು ಬೀಟ್‌ಗಳ ಆವರ್ತದಲ್ಲಿ 1 ಮತ್ತು 3ಕ್ಕೆ ಮಂದ್ರ, 2 ಮತ್ತು 4ಕ್ಕೆ ಕಾರ್ಡ್. ಹಾಗಾದರೆ ಬದಲಾದದ್ದೇನು?

ಒಂದು, ದೂರ ಹೆಚ್ಚಿತು. ಮಂದ್ರ ಸ್ವರ ಇನ್ನೂ ಕೆಳಕ್ಕೆ ಇಳಿಯಿತು. ಅಲ್ಲಿಂದ ಕಾರ್ಡ್ ಇರುವ ಜಾಗಕ್ಕೆ ಸಾಮಾನ್ಯವಾಗಿ ಎರಡು ಸ್ಥಾಯಿಯಷ್ಟು ಅಂತರ. ಪಿಯಾನೊದಲ್ಲಿ ಒಂದು ಸ್ಥಾಯಿಯ ಅಗಲ ಸುಮಾರು 16.5 ಸೆಂಟಿಮೀಟರ್. ಎರಡು ಸ್ಥಾಯಿ ಎಂದರೆ 33 ಸೆಂಟಿಮೀಟರ್, ಶಾಲೆಯ ಸ್ಕೇಲಿಗಿಂತ ಉದ್ದ. ಎರಡು, ವೇಗ ಏರಿತು. ಸ್ಟ್ರೈಡ್‌ನಲ್ಲಿ ನಿಮಿಷಕ್ಕೆ 200 ಬೀಟ್ ಅಪರೂಪವಲ್ಲ. ಆ ವೇಗದಲ್ಲಿ ಒಂದು ಬೀಟ್‌ಗೆ ಸಿಗುವುದು 0.3 ಸೆಕೆಂಡ್. ಅಷ್ಟರೊಳಗೆ ಕೈ 33 ಸೆಂಟಿಮೀಟರ್ ಹಾರಿ, ಸರಿಯಾದ ಮೂರು ಕೀಗಳ ಮೇಲೆ ಇಳಿದು, ಮತ್ತೆ ಹಿಂದಕ್ಕೆ ಹೊರಡಬೇಕು. ಇಂಥ ಹೋಗಿಬರುವಿಕೆ ನಿಮಿಷಕ್ಕೆ ನೂರು, ಅದೂ ಕಣ್ಣು ಬಲಗೈಯ ಮೇಲಿರುವಾಗ.

ಮೂರನೆಯದು ಹತ್ತನೇ ಸ್ವರ. ಮಂದ್ರದಲ್ಲಿ ಬರೀ ಒಂದು ಸ್ವರವನ್ನೋ ಅದರ ಜೋಡಿ ಸ್ಥಾಯಿಯನ್ನೋ ಒತ್ತದೆ, ಷಡ್ಜದ ಜೊತೆಗೆ ಮೇಲಿನ ಸ್ಥಾಯಿಯ ಗಾಂಧಾರವನ್ನು ಒಟ್ಟಿಗೆ ಹಿಡಿಯುವುದು. ಬಿಳಿ ಕೀಗಳಲ್ಲಿ ಎಣಿಸಿದರೆ ಹತ್ತು ಕೀ, ಅಂಚಿನಿಂದ ಅಂಚಿಗೆ ಸುಮಾರು 23.5 ಸೆಂಟಿಮೀಟರ್. ಗಾಂಧಾರ ಷಡ್ಜದ ಪಕ್ಕದಲ್ಲೇ, ಅಷ್ಟು ಕೆಳಗೆ ನುಡಿದರೆ ನಾದ ಗೊಜ್ಜಾಗುತ್ತದೆ. ಒಂದು ಸ್ಥಾಯಿ ಮೇಲಕ್ಕೆ ತೆರೆದಿಟ್ಟರೆ ಎರಡೂ ಬಿಡಿಬಿಡಿಯಾಗಿ, ತುಂಬಿಕೊಂಡು ಕೇಳುತ್ತವೆ. ಜಾನ್ಸನ್ ಗುರುವಿನಂತೆ ಕಂಡಿದ್ದ ಲಕಿ ರಾಬರ್ಟ್ಸ್ ಅವರ ಅಂಗೈ ಚಾಚು ಇದನ್ನೂ ಮೀರಿದ್ದು.

ನಾಲ್ಕನೆಯದೇ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಎಡಗೈ ಗಡಿಯಾರವಾಗಿ ಉಳಿಯಲಿಲ್ಲ. ಅದೂ ಲಯದ ಆಟಕ್ಕೆ ಇಳಿಯಿತು. ‘ಕೆರೊಲೈನಾ ಶೌಟ್’ನ ಮೊದಲ ಭಾಗದಲ್ಲಿ ಇದು ಸ್ಪಷ್ಟವಾಗಿ ಕೇಳುತ್ತದೆ. ಎರಡು ಆವರ್ತ ಸೇರಿ ಎಂಟು ಬೀಟ್. ಮಾಮೂಲಿಯಂತಾದರೆ ಮಂದ್ರ-ಕಾರ್ಡ್ ನಾಲ್ಕು ಸಲ ಬರಬೇಕು. ಜಾನ್ಸನ್ ಅದನ್ನು ಮಂದ್ರ-ಮಂದ್ರ-ಕಾರ್ಡ್, ಮಂದ್ರ-ಮಂದ್ರ-ಕಾರ್ಡ್, ಮಂದ್ರ-ಕಾರ್ಡ್ ಎಂದು ಒಡೆಯುತ್ತಾರೆ. ಅಂದರೆ 3+3+2. ಮೃದಂಗದ ಪಾಠ ಕೇಳಿದವರು ಆದಿತಾಳ ಹಾಕಿಕೊಂಡು ‘ತಕಿಟ ತಕಿಟ ತಕ’ ಎಂದು ಹೇಳಿಕೊಂಡರೆ ಸಾಕು, ಕಾರ್ಡ್‌ಗಳು 3, 6 ಮತ್ತು 8ನೇ ಎಣಿಕೆಗೆ ಬೀಳುವುದು ಬೆರಳಿಗೇ ತಿಳಿಯುತ್ತದೆ. ಮೇಲೆ ಬಲಗೈ ತನ್ನದೇ ಲೆಕ್ಕದಲ್ಲಿ ಓಡುತ್ತಿರುತ್ತದೆ. ಎರಡೂ ಕೈ ಬೀಟ್ ತಪ್ಪಿಸಿ ಆಡುವಾಗ, ಆ ಬೀಟ್ ಎಲ್ಲಿದೆ? ನುಡಿಸುವವರ ಮೈಯಲ್ಲಿ, ಕುಣಿಯುವವರ ಕಾಲಲ್ಲಿ. ರಾಗ್‌ಟೈಮ್ ಹಾಳೆಗೆ ಈ ಧೈರ್ಯ ಇರಲಿಲ್ಲ.

ಕೊನೆಯದಾಗಿ ನಡೆ. ರಾಗ್‌ಟೈಮಿನಲ್ಲಿ ಒಂದು ಬೀಟ್ ಎರಡು ಸಮಪಾಲಾಗುತ್ತದೆ. ಜಾಜ್‌ನಲ್ಲಿ ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ, ತಿಶ್ರ ನಡೆಯ ಕಡೆಗೆ ವಾಲಿದಂತೆ. ಜಾನ್ಸನ್ ಎರಡರ ನಡುವೆ ಎಲ್ಲೋ ಇದ್ದಾರೆ. ಒಂದೇ ರಚನೆಯೊಳಗೆ ಕೆಲವು ಸಾಲು ಸಮವಾಗಿಯೂ ಕೆಲವು ವಾಲಿಯೂ ನಡೆಯುತ್ತವೆ.

ಇವೆಲ್ಲ ಯಾಕೆ ಬೇಕಾದವು ಎಂಬುದಕ್ಕೆ ಉತ್ತರ ಅವರು ಬೆಳೆದ ಜಾಗಗಳಲ್ಲಿದೆ.

ಜಾನ್ಸನ್ ಹುಟ್ಟಿದ್ದು 1894ರ ಫೆಬ್ರವರಿ 1ರಂದು, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ತಾಯಿ ಚರ್ಚ್‌ನಲ್ಲಿ ಹಾಡುತ್ತಿದ್ದರು, ಪಿಯಾನೊವನ್ನು ಸ್ವಂತವಾಗಿ ಕಲಿತಿದ್ದರು. ಕುಟುಂಬ ಮೊದಲು ಜೆರ್ಸಿ ಸಿಟಿಗೆ, 1908ರಲ್ಲಿ ನ್ಯೂಯಾರ್ಕಿಗೆ ಬಂತು. ಮ್ಯಾನ್‌ಹಟನ್‌ನ ಪಶ್ಚಿಮಕ್ಕೆ, ಇಂದು ಲಿಂಕನ್ ಸೆಂಟರ್ ಇರುವ ಸುತ್ತಮುತ್ತ, ಸಾನ್ ಹ್ವಾನ್ ಹಿಲ್ ಎಂಬ ಕಪ್ಪು ಜನರ ದಟ್ಟ ಬಡಾವಣೆ ಆಗ ಇತ್ತು. ಹಾರ್ಲೆಮ್ ಕಪ್ಪು ಜನರ ಕೇಂದ್ರವಾಗುವ ಮೊದಲಿನ ಮಾತು ಇದು. 1912ರ ಹೊತ್ತಿಗೆ ಜಾನ್ಸನ್ ಪಿಯಾನೊವನ್ನೇ ದುಡಿಮೆ ಮಾಡಿಕೊಂಡಿದ್ದರು.

ಅಲ್ಲಿ 62ನೇ ಬೀದಿಯ ಒಂದು ನೆಲಮಾಳಿಗೆಯಲ್ಲಿ ಜಂಗಲ್ಸ್ ಕೆಸಿನೊ ಎಂಬ ಜಾಗ ಇತ್ತು. ಕಾಗದದ ಮೇಲೆ ನೃತ್ಯಶಾಲೆ. ಬರುತ್ತಿದ್ದವರಲ್ಲಿ ಬಹಳ ಮಂದಿ ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ಮತ್ತು ಅದರ ಕರಾವಳಿ ದ್ವೀಪಗಳಿಂದ ಕೆಲಸ ಹುಡುಕಿಕೊಂಡು ಬಂದ ‘ಗಲ್ಲಾ’ ಎಂಬ ಕಪ್ಪು ಸಮುದಾಯದ ಜನ. ಅವರ ಊರಿನ ಚರ್ಚ್‌ಗಳಲ್ಲಿ ‘ರಿಂಗ್ ಶೌಟ್’ ಎಂಬ ಆರಾಧನೆ ಇತ್ತು. ವೃತ್ತವಾಗಿ ನಿಂತು, ಕಾಲು ಎಳೆಯುತ್ತ ಸುತ್ತುತ್ತ, ಚಪ್ಪಾಳೆ ತಟ್ಟುತ್ತ, ಒಬ್ಬರು ಕೂಗಿದ್ದಕ್ಕೆ ಎಲ್ಲರೂ ಮರುನುಡಿಯುವುದು. ನೆಲಮಾಳಿಗೆಯಲ್ಲಿ ಅವರು ಕುಣಿಯಲು ಬಯಸಿದ್ದು ಆ ಕಸುವಿನ ಸಂಗೀತಕ್ಕೆ. ಡ್ರಮ್ ಇಲ್ಲ, ಬಾಸ್ ಇಲ್ಲ, ಮೈಕ್ ಇಲ್ಲ. ಇದ್ದದ್ದು ಒಂದು ಪಿಯಾನೊ, ಒಬ್ಬ ವಾದಕ. ಹಾಗಾಗಿ ಎಡಗೈಯೇ ಡ್ರಮ್ಮೂ ಆಗಬೇಕು, ಬಾಸೂ ಆಗಬೇಕು, ಗದ್ದಲವನ್ನು ಮೀರಿ ಕೇಳಲೂಬೇಕು. ಕೆಳಗಿನ ಸ್ವರ ಇನ್ನಷ್ಟು ಕೆಳಕ್ಕೆ ಹೋದದ್ದು, ಕಾರ್ಡ್ ಚಪ್ಪಾಳೆಯಂತೆ ಬಿರುಸಾದದ್ದು, ಲಯ ಮುರಿದು ಕೂಡುವ ಆಟ ಬಂದದ್ದು ಈ ಒತ್ತಡದಿಂದ. ‘ಕೆರೊಲೈನಾ ಶೌಟ್’ ಹುಟ್ಟಿದ್ದು ಈ ಕುಣಿತಗಾರರಿಗಾಗಿ. ಅದರ ನಡುಭಾಗದಲ್ಲಿ ಒಂದು ಕೈ ಗಿಡ್ಡ ಮಾತೊಂದನ್ನು ಎತ್ತುತ್ತದೆ, ಕಾರ್ಡ್‌ಗಳು ಅದಕ್ಕೆ ಓಗೊಡುತ್ತವೆ. ರಿಂಗ್ ಶೌಟ್‌ನ ಕೂಗು-ಮರುಕೂಗು ನೇರವಾಗಿ ಕೀಬೋರ್ಡಿಗೆ ಬಂದಿರುವುದು ಅಲ್ಲೇ.

ಬರೀ ಕಸುವಿನಿಂದ ಇದು ಆಗುವುದಲ್ಲ. ಬ್ರೂಟೊ ಜಿಯಾನಿನಿ ಎಂಬ ಇಟಲಿ ಮೂಲದ ಶಿಕ್ಷಕರ ಬಳಿ ಜಾನ್ಸನ್ ಕೆಲವು ವರ್ಷ ಹಾರ್ಮನಿ (ಸ್ವರಗಳನ್ನು ಕಾರ್ಡ್‌ಗಳಾಗಿ ಕೂಡಿಸುವ ಕ್ರಮ), ಕೌಂಟರ್‌ಪಾಯಿಂಟ್ (ಒಟ್ಟಿಗೆ ಸಾಗುವ ಧಾಟಿಗಳನ್ನು ಹೆಣೆಯುವ ಕ್ರಮ) ಕಲಿತು, ಬೆರಳು ಹಾಕುವ ಕ್ರಮವನ್ನೇ ತಿದ್ದಿಕೊಂಡರು. ಯುರೋಪಿನ ಶಾಸ್ತ್ರೀಯ ಪಿಯಾನೊ ರಚನೆಗಳ ತುಣುಕುಗಳನ್ನು ತಮ್ಮ ರಾಗ್‌ಗಳೊಳಕ್ಕೆ ತರುತ್ತಿದ್ದರು. ಅವರ ಅಭ್ಯಾಸದ ಎರಡು ವಿಧಾನಗಳನ್ನು ಅವರೇ ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ: ಕೀಬೋರ್ಡ್ ಪೂರ್ತಿ ಕೈವಶವಾಗಲೆಂದು ಕತ್ತಲೆಯಲ್ಲಿ ನುಡಿಸುವುದು, ಬೆರಳಿನ ಸ್ಪರ್ಶ ಸ್ಪಷ್ಟವಾಗಲೆಂದು ಕೀಗಳ ಮೇಲೆ ಹಾಸಿಗೆಯ ಚಾದರ ಹೊದಿಸಿ ಕಷ್ಟದ ರಚನೆಗಳನ್ನು ಅದರ ಮೇಲಿಂದಲೇ ನುಡಿಸುವುದು. ಎರಡೂ ಎಡಗೈಯ ಹಾರಾಟಕ್ಕೆ ಬೇಕಾದ ತಯಾರಿಯೇ.

ಈ ಸಂಗೀತ ಒಬ್ಬರಿಂದ ಒಬ್ಬರಿಗೆ ಹೋದದ್ದು ಹಾಳೆಯ ಮೂಲಕ ಅಲ್ಲ, ಪಿಯಾನೊ ರೋಲ್ ಮೂಲಕ, ಅಂದರೆ ತಾನೇ ನುಡಿಯುವ ಪಿಯಾನೊಗೆ ಹಾಕುವ ತೂತು ಕೊರೆದ ಕಾಗದದ ಸುರುಳಿಯ ಮೂಲಕ. ಇದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಈ ಯಂತ್ರ ಇಲ್ಲದಿದ್ದರೆ ಮುಂದೆ ಜಾಜ್‌ನ ದೊಡ್ಡ ಸಂಯೋಜಕರಾದ ಡ್ಯೂಕ್ ಎಲಿಂಗ್ಟನ್ ಅವರ ಕಲಿಕೆಯ ದಾರಿಯೇ ಬೇರೆಯಾಗುತ್ತಿತ್ತು.

ತಾನೇ ನುಡಿಯುವ ಪಿಯಾನೊ, ಅಂದರೆ ಪ್ಲೇಯರ್ ಪಿಯಾನೊ, ಗಾಳಿಯಿಂದ ನಡೆಯುತ್ತದೆ. ಕೆಳಗೆ ಎರಡು ಪೆಡಲ್ ತುಳಿದರೆ ತಿದಿಗಳು ಒಳಗಿನ ಗಾಳಿಯನ್ನು ಹೀರುತ್ತವೆ. ಮುಂಭಾಗದಲ್ಲಿ ಒಂದು ಲೋಹದ ಪಟ್ಟಿ, ಅದರಲ್ಲಿ 88 ಕೀಗಳಿಗೆ 88 ತೂತು, ಒಂದು ಇಂಚಿಗೆ ಒಂಬತ್ತರಂತೆ. ಅದರ ಮೇಲೆ ಸುಮಾರು 28.6 ಸೆಂಟಿಮೀಟರ್ ಅಗಲದ ಕಾಗದದ ಸುರುಳಿ ಜಾರುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕ್ಷಣ ಗಾಳಿ ಒಳನುಗ್ಗುತ್ತದೆ, ಒಂದು ಕವಾಟ ತೆರೆಯುತ್ತದೆ, ಆ ಸ್ವರಕ್ಕೆ ಸೇರಿದ ಪುಟ್ಟ ತಿದಿ ಕುಗ್ಗಿ ಸುತ್ತಿಗೆಯನ್ನು ತಂತಿಯ ಮೇಲೆ ಎಸೆಯುತ್ತದೆ. ತೂತು ಉದ್ದವಿದ್ದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಹಲವು ಯಂತ್ರಗಳಲ್ಲಿ ಕೀ ಕೂಡ ತಾನಾಗಿ ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ.

ವೇಗಕ್ಕೆ ಒಂದು ಸನ್ನೆ ಇರುತ್ತದೆ. ಅದರ ಮೇಲಿನ ಅಂಕಿ 70 ಎಂದರೆ ಕಾಗದ ನಿಮಿಷಕ್ಕೆ 7 ಅಡಿ ಓಡುತ್ತದೆ, 80 ಎಂದರೆ 8 ಅಡಿ. ಕಲಿಯುವವರಿಗೆ ವರವಾದದ್ದು ಇದೇ. ಗ್ರಾಮಫೋನ್ ತಟ್ಟೆಯನ್ನು ನಿಧಾನಿಸಿದರೆ ಶ್ರುತಿಯೂ ಇಳಿಯುತ್ತದೆ, ಯಾವ ಸ್ವರ ಎಂದು ಹಿಡಿಯುವುದೇ ಕಷ್ಟವಾಗುತ್ತದೆ. ರೋಲ್ ನಿಧಾನವಾದರೆ ಶ್ರುತಿ ಕದಲುವುದಿಲ್ಲ, ಯಾಕೆಂದರೆ ನುಡಿಯುತ್ತಿರುವುದು ನಿಜವಾದ ತಂತಿ. ಬೇಕಾದಲ್ಲಿ ಕಾಗದ ನಿಲ್ಲಿಸಿ, ಇಳಿದ ಕೀಗಳ ಮೇಲೆ ತಮ್ಮ ಬೆರಳಿಟ್ಟು, ಕೈಯ ಆಕಾರವನ್ನೇ ಕಲಿಯಬಹುದು. ಜಾನ್ಸನ್ 1917ರಿಂದ ರೋಲ್‌ಗಳಿಗಾಗಿ ನುಡಿಸತೊಡಗಿದರು. ‘ಕೆರೊಲೈನಾ ಶೌಟ್’ 1918ರಲ್ಲಿ ಒಮ್ಮೆ, 1921ರಲ್ಲಿ ಕ್ಯೂಆರ್‌ಎಸ್ ಕಂಪನಿಗಾಗಿ ಮತ್ತೊಮ್ಮೆ ರೋಲ್ ಆಗಿ ಬಂತು. ವಾಷಿಂಗ್ಟನ್‌ನಲ್ಲಿದ್ದ ಯುವಕ ಎಲಿಂಗ್ಟನ್ ಅದನ್ನು ನಿಧಾನಗತಿಯಲ್ಲಿ ಓಡಿಸಿ ಸ್ವರ ಸ್ವರವಾಗಿ ಕಲಿತರು. ಜಾನ್ಸನ್ ಆ ಊರಿಗೆ ಬಂದಾಗ ಗೆಳೆಯರು ಎಲಿಂಗ್ಟನ್ ಅವರನ್ನು ಮುಂದಕ್ಕೆ ತಳ್ಳಿದರು; ರಚಿಸಿದವರೆದುರೇ ಅವರು ಅದನ್ನು ನುಡಿಸಿ ತೋರಿಸಿದರು. ಹಾರ್ಲೆಮ್‌ನ ಹುಡುಗ ಫ್ಯಾಟ್ಸ್ ವಾಲರ್ ಕಲಿತದ್ದೂ ಹೀಗೇ. ಆಮೇಲೆ ಅವರು ಜಾನ್ಸನ್ ಅವರ ನೇರ ಶಿಷ್ಯರೇ ಆದರು.

ರೋಲ್ ನಂಬಿ ಕಲಿಯುವವರು ಇಂದಿಗೂ ಎರಡು ಕಡೆ ಎಡವುತ್ತಾರೆ. ತಯಾರಿಕೆಯ ಹೊತ್ತಿಗೆ ಕಾಗದದಲ್ಲಿ ಹೆಚ್ಚುವರಿ ತೂತು ಕೊರೆದು ನಾದ ತುಂಬಿಸುವುದು ರೂಢಿಯಲ್ಲಿತ್ತು. ಹಾಗಾಗಿ ಕೆಲವು ರೋಲ್‌ಗಳಲ್ಲಿ ಎರಡು ಕೈಗೆ ನಿಲುಕದಷ್ಟು ಸ್ವರ ಒಟ್ಟಿಗೆ ಬರುತ್ತವೆ. ಅವನ್ನೆಲ್ಲ ನುಡಿಸಲು ಹೆಣಗುವುದು ವ್ಯರ್ಥ. ಎರಡನೆಯದು, ಸಾಮಾನ್ಯ ರೋಲ್ ಯಾವ ಸ್ವರ, ಎಷ್ಟು ಹೊತ್ತು ಎಂದು ಹೇಳುತ್ತದೆಯೇ ಹೊರತು ಎಷ್ಟು ಜೋರು ಎಂದು ಹೇಳುವುದಿಲ್ಲ. ಒತ್ತು ಎಲ್ಲಿ, ಮೆಲ್ಲಗೆ ಎಲ್ಲಿ ಎಂಬುದಕ್ಕೆ ರೆಕಾರ್ಡನ್ನೇ ಕೇಳಬೇಕು. ರೆಕಾರ್ಡಿಗೂ ತನ್ನ ಮಿತಿ ಇದೆ. 1921ರಲ್ಲಿ ರೆಕಾರ್ಡಿಂಗ್‌ಗೆ ಮೈಕ್ರೋಫೋನ್ ಬಂದಿರಲಿಲ್ಲ; ಒಂದು ದೊಡ್ಡ ಕಹಳೆಯ ಮುಂದೆ ನುಡಿಸಿದ ಶಬ್ದವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೀರು ಹಾಕಬೇಕಿತ್ತು. ಮಂದ್ರ ಸ್ವರಗಳು ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆ ರೆಕಾರ್ಡಿನಲ್ಲಿ ಜಾನ್ಸನ್ ಅವರ ಎಡಗೈ ತೆಳುವಾಗಿ ಕೇಳಿದರೆ ಅದು ಯಂತ್ರದ ಸೋಲು. 1930ರಲ್ಲಿ ಅವರು ನುಡಿಸಿದ ‘ಯೂ ಹ್ಯಾವ್ ಗಾಟ್ ಟು ಬಿ ಮಾಡರ್ನಿಸ್ಟಿಕ್’ ವಿದ್ಯುತ್ ಮೈಕಿನಲ್ಲಿ ದಾಖಲಾದದ್ದು. ಎಡಗೈಯ ನಿಜವಾದ ತೂಕ ಗೊತ್ತಾಗುವುದು ಅದರಲ್ಲಿ.

1920ರ ದಶಕದ ಹಾರ್ಲೆಮ್‌ನಲ್ಲಿ ಬಾಡಿಗೆ ವಿಪರೀತ. ತಿಂಗಳ ಕೊನೆಗೆ ದುಡ್ಡು ಸಾಲದವರು ತಮ್ಮ ಮನೆಯಲ್ಲೇ ಪಾರ್ಟಿ ಇಟ್ಟು, ಬಾಗಿಲಲ್ಲಿ ಪ್ರವೇಶಧನ ತೆಗೆದುಕೊಂಡು, ಊಟ ಪಾನೀಯ ಮಾರಿ ಬಾಡಿಗೆ ಹೊಂದಿಸುತ್ತಿದ್ದರು. ಅಲ್ಲಿ ಜನ ಸೇರಲು ಒಳ್ಳೆಯ ಪಿಯಾನೊ ವಾದಕರು ಬೇಕು. ಜಾನ್ಸನ್, ವಿಲಿ ‘ದಿ ಲಯನ್’ ಸ್ಮಿತ್, ಫ್ಯಾಟ್ಸ್ ವಾಲರ್ ಮೂವರೂ ಈ ಕೂಟಗಳ ರಾಜರು. ಒಬ್ಬರ ನಂತರ ಒಬ್ಬರು ಕೂತು, ಹಿಂದಿನವರನ್ನು ಮೀರಿಸುವಂತೆ ನುಡಿಸುವ ಪೈಪೋಟಿ ಬೆಳಗಿನವರೆಗೂ ನಡೆಯುತ್ತಿತ್ತು. ಬರುವುದರಲ್ಲೂ ಒಂದು ಶಿಸ್ತು ಇತ್ತೆಂದು ಜಾನ್ಸನ್ ವಿವರಿಸಿದ್ದಾರೆ. ಕೋಟು ಹ್ಯಾಟು ಹಾಕಿಕೊಂಡೇ ಪಿಯಾನೊವರೆಗೆ ನಡೆಯಬೇಕು. ಓವರ್‌ಕೋಟನ್ನು ಅಲ್ಲೇ ಬಿಚ್ಚಿ, ಒಳಗಿನ ಬೆಲೆಬಾಳುವ ಅಸ್ತರು ಕಾಣುವಂತೆ ಮಡಿಸಿ ಪಿಯಾನೊ ಮೇಲಿಡಬೇಕು. ಆಮೇಲೆ ಕೂತು, ಇಂಥವರು ಎಂದು ಗುರುತು ಹತ್ತುವ ತಮ್ಮದೇ ಒಂದು ಕಾರ್ಡ್ ಹಿಡಿಯಬೇಕು. ‘ಕೆರೊಲೈನಾ ಶೌಟ್’ ಈ ಕೂಟಗಳಲ್ಲಿ ಪರೀಕ್ಷೆಯ ಪತ್ರಿಕೆಯೇ ಆಗಿಹೋಯಿತು; ಅದನ್ನು ಸರಿಯಾಗಿ ನುಡಿಸಲಾಗದವರು ಮುಂದಕ್ಕೆ ಬರುವಂತಿರಲಿಲ್ಲ.

ಜಾನ್ಸನ್ ಅವರನ್ನು ಬರೀ ಪಾರ್ಟಿಯ ವಾದಕ ಎಂದು ನೆನೆಯುವುದು ಅನ್ಯಾಯ. 1923ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಗೆ ಬಂದ ‘ರನ್ನಿನ್ ವೈಲ್ಡ್’ ಸಂಗೀತ ನಾಟಕಕ್ಕೆ ಅವರು ರಾಗ ಹಾಕಿದರು. ಸಾಹಿತ್ಯ ಸೆಸಿಲ್ ಮ್ಯಾಕ್ ಅವರದು. ಅದರಲ್ಲಿದ್ದ ‘ಚಾರ್ಲ್ಸ್‌ಟನ್’ ಇಡೀ ದಶಕದ ಕುಣಿತವಾಯಿತು. ಅದರ ಲಯದ ಗುಟ್ಟು ಸರಳ: ಒಂದು ಆವರ್ತವನ್ನು ಎಂಟು ಎಣಿಕೆ ಮಾಡಿದರೆ ಒತ್ತು ಬೀಳುವುದು 1 ಮತ್ತು 4ಕ್ಕೆ, ಉಳಿದದ್ದು ಖಾಲಿ. ‘ತಕಿಟ ತಕಿಟ ತಕ’ದ ಮೊದಲ ಎರಡು ‘ತ’ ಮಾತ್ರ ಉಳಿಸಿಕೊಂಡಂತೆ. ಜಂಗಲ್ಸ್ ಕೆಸಿನೊದ ಕುಣಿತಗಾರರ ಕಾಲಿನ ಹೆಜ್ಜೆಯೇ ಅದು. ಅಮೆರಿಕದ 1920ರ ದಶಕ ಎಂದರೆ ಕಣ್ಣಮುಂದೆ ಬರುವ ಕುಣಿತದ ಸಂಗೀತ ಯಾರದೆಂದು ಕೇಳಿದರೆ ಹೆಚ್ಚಿನವರಿಗೆ ಹೆಸರು ಹೊಳೆಯುವುದಿಲ್ಲ. ಇದು ನಮಗೆ ನೋವಿನ ಸಂಗತಿ.

ಹಾಡುವವರ ಹಿಂದೆ ಕೂತಾಗ ಅವರು ಬೇರೆಯೇ ವಾದಕರು. 1927ರ ಫೆಬ್ರವರಿಯಲ್ಲಿ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರೊಂದಿಗೆ ‘ಬ್ಯಾಕ್ ವಾಟರ್ ಬ್ಲೂಸ್’ ರೆಕಾರ್ಡ್ ಮಾಡಿದಾಗ ಜೊತೆಗಿದ್ದದ್ದು ಇವರ ಪಿಯಾನೊ ಒಂದೇ. ಹಾಡು ಪ್ರವಾಹದ್ದು. ಎಡಗೈ ಇಲ್ಲಿ ಹಾರುವುದನ್ನು ಬಿಟ್ಟು ಕೆಳಸ್ಥಾಯಿಯಲ್ಲಿ ಉರುಳುತ್ತದೆ, ಮಳೆ ಗುಡುಗು ಎಲ್ಲ ಅಲ್ಲಿಂದಲೇ ಬರುತ್ತವೆ. ಗಾಯಕಿಯ ಸಾಲು ಮುಗಿಯುವ ತನಕ ಬಲಗೈ ಸುಮ್ಮನಿದ್ದು, ಬಿಟ್ಟ ಜಾಗದಲ್ಲಷ್ಟೇ ಮಾತಾಡುತ್ತದೆ.

ಅವರ ದೊಡ್ಡ ಆಸೆ ಮಾತ್ರ ಆರ್ಕೆಸ್ಟ್ರಾ. ಜಾರ್ಜಿಯಾದ ಸವಾನಾ ಬಳಿಯ ಕಪ್ಪು ಜನರ ನೆಲೆಯೊಂದರ ಹೆಸರಿಟ್ಟು ಬರೆದ ‘ಯಾಮಕ್ರಾ’ 1928ರ ಏಪ್ರಿಲ್ 27ರಂದು ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ನಡೆಯಿತು. ಆದರೆ ಪಿಯಾನೊ ಮುಂದೆ ಕೂತದ್ದು ವಾಲರ್. ತಮ್ಮದೇ ಇನ್ನೊಂದು ಸಂಗೀತ ನಾಟಕವನ್ನು ನಡೆಸಿಕೊಡಬೇಕಿದ್ದರಿಂದ ಜಾನ್ಸನ್ ಬರಲಾಗಲಿಲ್ಲ. 1932ರಲ್ಲಿ ‘ಹಾರ್ಲೆಮ್ ಸಿಂಫನಿ’, ಮುಂದೆ ಪಿಯಾನೊ ಕಾನ್ಸರ್ಟೊ, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಸಾಹಿತ್ಯಕ್ಕೆ ‘ಡಿ ಆರ್ಗನೈಸರ್’ ಎಂಬ ಕಿರು ಒಪೆರಾ ಬರೆದರು. ಒಪೆರಾ 1940ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನಡೆದು, ಸ್ವರಲಿಪಿ ಕಾಣೆಯಾಗಿ, ದಶಕಗಳ ನಂತರ ಸಿಕ್ಕಿ, 2002ರಲ್ಲಿ ಮತ್ತೆ ರಂಗಕ್ಕೆ ಬಂತು. ಕಲಾವಿದರಿಗೆ ಧನಸಹಾಯ ನೀಡುವ ಗಗನ್‌ಹೈಮ್ ಫೆಲೋಶಿಪ್‌ಗೆ ಹಾಕಿದ ಅರ್ಜಿ ಕೈಗೂಡಲಿಲ್ಲ. ಕುಣಿತದ ಸಂಗೀತ ಬರೆದ ಕಪ್ಪು ವಾದಕನಿಂದ ಸಿಂಫನಿ ಕೇಳಲು ಅಂದಿನ ಸಭಾಂಗಣಗಳು ತಯಾರಿರಲಿಲ್ಲ. ಈ ರಚನೆಗಳು ಇನ್ನಷ್ಟು ಸಲ ನುಡಿಸಲ್ಪಟ್ಟಿದ್ದರೆ ತಿದ್ದಿಕೊಳ್ಳುವ ಅವಕಾಶವಾದರೂ ಅವರಿಗೆ ಸಿಗುತ್ತಿತ್ತು.

1940ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮತ್ತೆ ನುಡಿಸಿದರು. 1943ರಲ್ಲಿ ಬ್ಲೂ ನೋಟ್ ಕಂಪನಿಗಾಗಿ ಮಾಡಿದ ರೆಕಾರ್ಡ್‌ಗಳು ಈ ಅವಧಿಯವು. ಅದೇ ಡಿಸೆಂಬರ್‌ನಲ್ಲಿ ಶಿಷ್ಯ ವಾಲರ್ 39ನೇ ವಯಸ್ಸಿಗೇ ತೀರಿಕೊಂಡರು. ಮರುವರ್ಷ ವಾಲರ್ ರಚನೆಗಳನ್ನೇ ಆಯ್ದು ಜಾನ್ಸನ್ ನುಡಿಸಿದರು. 1951ರಲ್ಲಿ ಮತ್ತೆ ಬಂದ ಪಾರ್ಶ್ವವಾಯು ಅವರನ್ನು ಹಾಸಿಗೆಗೆ ಕೆಡವಿತು. 1955ರ ನವೆಂಬರ್ 17ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತೀರಿಕೊಂಡರು. ಸಮಾಧಿಗೆ ಹೆಸರಿನ ಕಲ್ಲು ಬಂದದ್ದು, 2009ರಲ್ಲಿ ಸಂಗೀತಗಾರರು ಬಾಡಿಗೆ ಪಾರ್ಟಿಯ ಹೆಸರಿನಲ್ಲೇ ಒಂದು ಕಛೇರಿ ನಡೆಸಿ ಹಣ ಕೂಡಿಸಿದ ಮೇಲೆ.

ಇನ್ನು, ಇದನ್ನು ಕೈಗೆ ತರಲು ಹೊರಡುವವರಿಗೆ.

ಮೊದಲು ವಾದ್ಯ. ಮಾಮೂಲಿ 61 ಕೀಗಳ ಕೀಬೋರ್ಡಿನಲ್ಲಿ ಸ್ಟ್ರೈಡ್‌ನ ಮಂದ್ರ ಸ್ವರಗಳಿಗೆ ಜಾಗ ಸಾಲದು. ಮಧ್ಯ ಸಿ, ಅಂದರೆ ಕೀಬೋರ್ಡಿನ ನಡುವಿನ ಸಿ ಸ್ವರದ ಕೆಳಗೆ ಎರಡು ಸ್ಥಾಯಿಗೇ ಅದು ಮುಗಿಯುತ್ತದೆ. 76 ಕೀ ಇದ್ದರೆ ನಡೆಯುತ್ತದೆ, ಭಾರದ ಕೀಗಳುಳ್ಳ 88 ಆದರೆ ಒಳ್ಳೆಯದು. ಕಿರುಕೀಗಳ ಕೀಬೋರ್ಡ್ ಬೇಡವೇ ಬೇಡ. ಅಲ್ಲಿ ರೂಢಿಯಾದ ದೂರ ಪಿಯಾನೊ ಮೇಲೆ ತಪ್ಪು ಕೀಗೆ ಇಳಿಸುತ್ತದೆ. ಹಾರ್ಮೋನಿಯಂ ಕಲಿತು ಬಂದವರಿಗೆ ಇನ್ನೊಂದು ತೊಡಕು. ಅವರ ಎಡಗೈ ಅಷ್ಟೂ ವರ್ಷ ತಿದಿ ಒತ್ತಿದ್ದೇ ಹೊರತು ಸ್ವರ ನುಡಿಸಿಲ್ಲ. ಹೀಗಾಗಿ ಎರಡು ಕೈ ಸೇರಿಸುವ ಆತುರ ಮಾಡದೆ ಎಡಗೈಯನ್ನೇ ಮೊದಲಿಂದ ಬೆಳೆಸಬೇಕು.

ಮೆಟ್ರೊನೋಮ್ (ಬೀಟ್ ಎಣಿಸಿ ಸದ್ದು ಮಾಡುವ ಸಾಧನ) ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಎಡಗೈಯ ಮಂದ್ರ ಸ್ವರಗಳನ್ನಷ್ಟೇ 1 ಮತ್ತು 3ಕ್ಕೆ ನುಡಿಸಿ, ಕಿರುಬೆರಳಲ್ಲಿ. ಆಮೇಲೆ ಮಂದ್ರ ಬಿಟ್ಟು ಕಾರ್ಡ್‌ಗಳನ್ನಷ್ಟೇ 2 ಮತ್ತು 4ಕ್ಕೆ, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳಲ್ಲಿ. ಎರಡೂ ತಪ್ಪಿಲ್ಲದೆ ಬಂದ ಮೇಲೆ ಸೇರಿಸಿ. ಮಂದ್ರ ಸ್ವರ ಒತ್ತಿದ ಕೂಡಲೇ ಕೈ ಹೊರಡಬೇಕು, ಬೀಟ್‌ಗೆ ಮೊದಲೇ ಕಾರ್ಡ್‌ನ ಕೀಗಳನ್ನು ಮುಟ್ಟಿ ಕಾಯಬೇಕು, ಬೀಟ್ ಬಂದಾಗ ಒತ್ತಬೇಕು. ಹೆಚ್ಚಿನ ತಪ್ಪು ಹುಟ್ಟುವುದು ತಡವಾಗಿ ಹೊರಡುವುದರಿಂದ, ದೂರದಿಂದಲ್ಲ. ಕೈಯನ್ನು ಎತ್ತರಕ್ಕೆ ಕಮಾನಿನಂತೆ ಎಸೆಯುವುದೂ ಬೇಡ; ಕೀಗಳಿಗೆ ಸವರಿಕೊಂಡಂತೆ ಚಪ್ಪಟೆಯಾಗಿ ಹೋದರೆ ದಾರಿ ಗಿಡ್ಡ. ಮೂರು ಸಲ ಸತತವಾಗಿ ಸರಿ ಬಂದರೆ ಮೆಟ್ರೊನೋಮ್ 4 ಅಂಕಿ ಏರಿಸಿ. 100ರ ಹೊತ್ತಿಗೆ ಕಣ್ಣು ಮುಚ್ಚಿ ನುಡಿಸಲು ಶುರುಮಾಡಿ, ಜಾನ್ಸನ್ ಕತ್ತಲೆಯಲ್ಲಿ ಮಾಡಿದ್ದು ಅದನ್ನೇ. ಮುಂದೋಳು ಬಿಗಿದು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ಬಿಗಿದ ಮಣಿಕಟ್ಟಿನಲ್ಲಿ ವೇಗ ಏರಿಸಿದರೆ ನೋವು ಅಭ್ಯಾಸದ ಭಾಗವಾಗಿಬಿಡುತ್ತದೆ.

ಹತ್ತನೇ ಸ್ವರ ಎಟುಕದಿದ್ದರೆ ಎಳೆದು ಹಿಡಿಯಬಾರದು. ಕೆಳಸ್ವರವನ್ನು ಬೀಟ್‌ಗೆ ತುಸು ಮೊದಲು ಮುಟ್ಟಿ, ಮೇಲಿನದನ್ನು ಸರಿಯಾಗಿ ಬೀಟ್‌ಗೆ ನುಡಿಸಿ. ಕೆಳಸ್ವರವನ್ನು ಬೀಟ್‌ಗೆ ಹಾಕಿ ಮೇಲಿನದನ್ನು ಆಮೇಲೆ ತಂದರೆ ಇಡೀ ಲಯ ಹಿಂದಕ್ಕೆ ಜಗ್ಗುತ್ತದೆ. ಕಾರ್ಡ್‌ಗಳನ್ನು ಮಧ್ಯ ಸಿ ಆಸುಪಾಸಿನಲ್ಲೇ ಇಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಒತ್ತೊತ್ತಾಗಿ ಹಿಡಿದ ಮೂರು ಸ್ವರ ಎಷ್ಟು ಮೆಲ್ಲಗೆ ನುಡಿಸಿದರೂ ಗದ್ದಲವೇ. ಬಲ ಪೆಡಲನ್ನು ಒತ್ತಿಯೇ ಇಟ್ಟುಕೊಂಡರೆ ಮಂದ್ರವೂ ಕಾರ್ಡೂ ಕಲಸಿ, 2 ಮತ್ತು 4ರ ಬಿರುಸು ಕಳೆದುಹೋಗುತ್ತದೆ. ಮಂದ್ರ ಸ್ವರ ತುಸು ಉಳಿಯುವಷ್ಟು ಮುಟ್ಟಿ, ಕಾರ್ಡ್ ಬರುವಷ್ಟರಲ್ಲಿ ಬಿಟ್ಟುಬಿಡಿ. ಇಷ್ಟಾದ ಮೇಲೆ 3+3+2ರ ಒಡೆತ. ಅದನ್ನು ಎಡಗೈಯೊಂದರಲ್ಲೇ, ಬಾಯಲ್ಲಿ ‘ತಕಿಟ ತಕಿಟ ತಕ’ ಹೇಳಿಕೊಂಡು, ಕಾಲಲ್ಲಿ ಎಂಟೂ ಬೀಟ್ ಹಾಕುತ್ತ ಕಲಿಯಬೇಕು. ಕಾಲು ನಿಂತರೆ ಕೈ ಸುಳ್ಳು ಹೇಳತೊಡಗುತ್ತದೆ.

ಕೇಳುವುದಕ್ಕೆ ಒಂದು ಕ್ರಮ: 1921ರ ‘ಕೆರೊಲೈನಾ ಶೌಟ್’, ಅದರ ಬೆನ್ನಿಗೇ ವಾಲರ್ ಅವರ 1929ರ ‘ಹ್ಯಾಂಡ್‌ಫುಲ್ ಆಫ್ ಕೀಸ್’, ಆಮೇಲೆ ಜಾನ್ಸನ್ ಅವರ 1930ರ ರೆಕಾರ್ಡ್. ಇಷ್ಟು ಕಿವಿಯಲ್ಲಿ ಕೂತ ಮೇಲೆ ಮುಂದಿನ ತಲೆಮಾರಿನ ಜಾಜ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಒಬ್ಬರೇ ಕೂತು ನುಡಿಸಿದ ರೆಕಾರ್ಡ್‌ಗಳನ್ನು ಹಾಕಿಕೊಳ್ಳಿ. ಮಂಕ್ ಬೆಳೆದದ್ದೂ ಅದೇ ಸಾನ್ ಹ್ವಾನ್ ಹಿಲ್‌ನಲ್ಲಿ. ಬಲಗೈ ಎಷ್ಟೇ ವಿಚಿತ್ರವಾಗಿ ನಡೆದರೂ ಅದನ್ನು ಸದ್ಯಕ್ಕೆ ಬಿಟ್ಟು, ಎಡಗೈಯ ಮಂದ್ರ ಮತ್ತು ಕಾರ್ಡ್ ಎಲ್ಲಿ ಬೀಳುತ್ತಿವೆ ಎಂದಷ್ಟೇ ಎಣಿಸುತ್ತ ಹೋಗಿ.